ಯಲ್ದಾ ರಾತ್ರಿ ಮನೇಲಿ ಮಾಡೋದು ಹೇಗೆ? ಪಿಸ್ತಾ ಸಿಪ್ಪೆ ಮಾತ್ರ ಮೊದಲೇ ಸುಲಿದಿಡ್ಬೇಡಿ

ಮೈಸೂರಲ್ಲಿ ಓದ್ತಿದ್ದಾಗ ನಾವಿದ್ದ ಮನೆ ಮಹಡಿ ಮೇಲೆ ಇರಾನಿನ ಹುಡುಗಿ ಒಬ್ಬಳು ಬಾಡಿಗೆಗಿದ್ಲು, ಯಜ್ದ್ ಊರಿನವಳು, ಪಿಎಚ್‌ಡಿ ಮಾಡೋಕೆ ಬಂದಿದ್ದು. ಒಂದು ಡಿಸೆಂಬರ್‌ನಲ್ಲಿ ಮೆಟ್ಟಿಲ ಹತ್ರ ಸಿಕ್ಕಿ "ಇವತ್ತು ಯಲ್ದಾ, ರಾತ್ರಿ ಮೇಲೆ ಬಾ, ಆದ್ರೆ ನಿದ್ದೆ ಮಾಡೋ ಹಾಗಿಲ್ಲ" ಅಂದ್ಲು. ಬರಿಗೈಲಿ ಹೋಗೋದು ಚೆನ್ನಾಗಿರಲ್ಲ ಅಂತ ಅರ್ಧ ಕೆಜಿ ಪಿಸ್ತಾ ತಂದೆ, ಇನ್ನೂ ಒಳ್ಳೇ ಬುದ್ಧಿ ಬಂದು ಮಧ್ಯಾಹ್ನವೆಲ್ಲ ಕೂತು ಒಂದೊಂದೇ ಸಿಪ್ಪೆ ಬಿಡಿಸಿ ನೀಟಾಗಿ ಡಬ್ಬಿಗೆ ತುಂಬ್ಕೊಂಡು ಹೋದೆ. ಅವಳು ಮುಚ್ಚಳ ತೆಗೆದು ನೋಡಿದ್ದೇ ನಗೋಕೆ ಶುರು. "ಇದು ಹತ್ತು ನಿಮಿಷಕ್ಕೆ ಖಾಲಿ, ಆಮೇಲೆ ಬೆಳಗಿನ ತನಕ ಕೈಗೇನು ಕೆಲಸ?"

ಈ ಹಬ್ಬದ ಬಗ್ಗೆ ನಾನು ಆಮೇಲೆ ಎಷ್ಟೇ ಓದಿದ್ರೂ ಇಷ್ಟು ಸರಿಯಾಗಿ ಯಾರೂ ಹೇಳಿಲ್ಲ. ಯಲ್ದಾ ಅಂದ್ರೆ ವರ್ಷದ ಅತಿ ಉದ್ದದ ರಾತ್ರೀನ ಎಲ್ಲರೂ ಒಟ್ಟಿಗೆ ಎದ್ದಿದ್ದು ದಾಟಿಸೋದು. ನಮಗೆ ಶಿವರಾತ್ರಿ ಜಾಗರಣೆ ಗೊತ್ತಲ್ಲ, ಹಾಗೇ ಅಂದ್ಕೊಳ್ಳಿ, ಆದ್ರೆ ಇಲ್ಲಿ ಉಪವಾಸ ಇಲ್ಲ, ರಾತ್ರಿಯಿಡೀ ತಿಂತಾನೇ ಇರ್ಬೇಕು. ತಟ್ಟೇಲಿರೋದೆಲ್ಲ ನಿಧಾನಕ್ಕೆ ತಿನ್ನೋ ಸಾಮಾನು, ದಾಳಿಂಬೆ ಬಿಡಿಸ್ಬೇಕು, ಪಿಸ್ತಾ ಒಡೀಬೇಕು, ಕುಂಬಳ ಬೀಜ ಹಲ್ಲಲ್ಲಿ ಕಚ್ಚಿ ಕಚ್ಚಿ ಸುಲೀಬೇಕು. ಪರಿಚಯದ ಇರಾನಿಯರು ಕರೆದಿದ್ರೆ, ಅಥವಾ ನಿಮ್ಮನೇಲೇ ಒಂದ್ಸಲ ಮಾಡಿ ನೋಡೋಣ ಅನ್ಸಿದ್ರೆ, ಏನೇನು ಮಾಡ್ಬೇಕು, ಯಾವುದರ ಹಿಂದೆ ಏನು ಅರ್ಥ ಇದೆ ಅಂತ ನನಗೆ ಗೊತ್ತಿರೋ ಮಟ್ಟಿಗೆ ಬರ್ದಿದೀನಿ.

ಮೊದಲು ತಾರೀಕು

ಇರಾನಿನ ಸೌರ ಕ್ಯಾಲೆಂಡರ್‌ನಲ್ಲಿ ಒಂಬತ್ತನೇ ತಿಂಗಳು ಆಜರ್, ಹತ್ತನೇದು ದೇ. ಆಜರ್ 30ರ ಸೂರ್ಯಾಸ್ತದಿಂದ ದೇ 1ರ ಸೂರ್ಯೋದಯದ ತನಕ ಯಲ್ದಾ. ಅವರ ಹೊಸವರ್ಷ ನೌರೂಜ್ ಮಾರ್ಚ್ 20 ಅಥವಾ 21ಕ್ಕೆ ಬರುತ್ತೆ, ಮೊದಲ 6 ತಿಂಗಳಿಗೆ ತಲಾ 31 ದಿನ, ಆಮೇಲಿನ 3 ತಿಂಗಳಿಗೆ ತಲಾ 30, ಹಾಗಾಗಿ ವರ್ಷದ 276ನೇ ದಿನದ ರಾತ್ರಿ ಇದು. 2024ರಲ್ಲಿ ಡಿಸೆಂಬರ್ 20ರ ರಾತ್ರಿ ಬಂತು, 2025ರಲ್ಲಿ 21ರ ರಾತ್ರಿ. ಕೆಲವರು ಪ್ರತಿವರ್ಷ 21 ಅಂತ ಫಿಕ್ಸ್ ಮಾಡ್ಕೊಂಡು ಒಂದು ದಿನ ಲೇಟಾಗಿ ವಿಶ್ ಮಾಡ್ತಾರೆ, ಯಾರೂ ಬೇಜಾರು ಮಾಡ್ಕೊಳಲ್ಲ, ಆದ್ರೆ ಪಾರ್ಟಿ ಇಟ್ಕೊಳೋರು ನೋಡ್ಕೊಳ್ಳಿ.

ಟೆಹ್ರಾನಲ್ಲಿ ಆ ರಾತ್ರಿ 14 ಗಂಟೆ ದಾಟುತ್ತೆ. ಬೆಂಗಳೂರಲ್ಲಿ ಸುಮಾರು ಹನ್ನೆರಡೂವರೆ ಗಂಟೆ ಅಷ್ಟೇ, ನಾವು ಭೂಮಧ್ಯರೇಖೆಗೆ ಹತ್ತಿರ ಇರೋದ್ರಿಂದ. ಈ ವ್ಯತ್ಯಾಸ ಸಣ್ಣದು ಅನ್ನಿಸ್ಬೋದು, ಆದ್ರೆ ಸಂಜೆ ಐದಕ್ಕೇ ಕತ್ತಲಾಗಿ ಹೊರಗೆ ಹಿಮ ಬೀಳೋ ಊರಲ್ಲಿ, ಕರೆಂಟಿಲ್ಲದ ಕಾಲದಲ್ಲಿ, ಸೂರ್ಯ ದಿನಾ ದಿನಾ ಸೋಲ್ತಿರೋ ಹಾಗೆ ಕಂಡಿರ್ಬೇಕಲ್ವಾ ಜನಕ್ಕೆ.

ಹೆಸರು ಎರಡಿದೆ, ಎರಡೂ ತಿಳ್ಕೊಂಡಿರಿ. ಯಲ್ದಾ ಅನ್ನೋದು ಪರ್ಶಿಯನ್ ಪದವೇ ಅಲ್ಲ, ಸಿರಿಯಾಕ್ ಭಾಷೇದು, ಅರ್ಥ ಹುಟ್ಟು. ಇರಾನಿನಲ್ಲಿ ನೆಲೆಸಿದ್ದ ಸಿರಿಯಾಕ್ ಕ್ರೈಸ್ತರು ಕ್ರಿಸ್ತನ ಹುಟ್ಟಿದ ಹಬ್ಬಕ್ಕೆ ಬಳಸ್ತಿದ್ದ ಪದ, ನಾವು ಈದ್ ಮಿಲಾದ್ ಅಂತೀವಲ್ಲ ಆ ಮಿಲಾದ್‌ಗೆ ದಾಯಾದಿ. ಇನ್ನೊಂದು ಹೆಸರು ಶಬೆ ಚೆಲ್ಲೆ, ಅಂದ್ರೆ ನಲವತ್ತರ ರಾತ್ರಿ, ಚೆಹೆಲ್ ಅಂದ್ರೆ ನಲವತ್ತು. ಅವತ್ತಿಂದ ಚಳಿಯ 'ದೊಡ್ಡ ನಲವತ್ತು' ಶುರುವಾಗುತ್ತೆ, ಹನ್ನೊಂದನೇ ತಿಂಗಳು ಬಹ್ಮನ್‌ನ 10ರ ತನಕ. ಆಮೇಲಿಂದು 'ಚಿಕ್ಕ ನಲವತ್ತು', ಹೆಸರು ನಲವತ್ತು ಆದ್ರೂ ಅದಿರೋದು ಇಪ್ಪತ್ತೇ ದಿನ. 2022ರಲ್ಲಿ ಇರಾನ್ ಮತ್ತು ಅಫ್ಘಾನಿಸ್ತಾನ ಸೇರಿ ಯುನೆಸ್ಕೋ ಪಟ್ಟಿಗೆ ಸೇರಿಸಿದ್ದು ಎರಡೂ ಹೆಸರಲ್ಲಿ, ಯಲ್ದಾ ಮತ್ತು ಚೆಲ್ಲೆ.

ಕೂರೋ ಜಾಗ

ಟೇಬಲ್ಲು ಕುರ್ಚಿ ಬೇಡ. ಹಳೇ ಕಾಲದ ಮನೆಗಳಲ್ಲಿ ಕೊರ್ಸಿ ಅಂತ ಇರ್ತಿತ್ತು, ಒಂದು ಕುಳ್ಳ ಮೇಜು, ಅದರ ಕೆಳಗೆ ಬೂದಿ ಮುಚ್ಚಿದ ಕೆಂಡದ ಅಗ್ಗಿಷ್ಟಿಕೆ, ಮೇಲೆ ನಾಲ್ಕೂ ಕಡೆ ನೆಲಕ್ಕೆ ಇಳಿಬಿದ್ದಿರೋ ದೊಡ್ಡ ರಜಾಯಿ. ಎಲ್ಲರೂ ಸುತ್ತ ಕೂತು ರಜಾಯಿ ಒಳಗೆ ಕಾಲು ಚಾಚ್ಕೊಳೋದು, ಅಜ್ಜಿಗೆ ಬೆಚ್ಚಗಿನ ಮೂಲೆ. ರಾತ್ರಿ ಪೂರ್ತಿ ಕದಲದೆ ಕೂರಿಸೋಕೆ ಇದಕ್ಕಿಂತ ಉಪಾಯ ಇಲ್ಲ.

ಮನೇಲಿರೋ ಟೀಪಾಯಿ ಸಾಕು, ಅದರ ಮೇಲೊಂದು ದಪ್ಪ ರಜಾಯಿ ಹೊದಿಸಿ, ಮೇಲುಗಡೆ ಕೆಂಪು ಬಟ್ಟೆ. ಕೆಳಗೆ ಕೆಂಡ ಮಾತ್ರ ದಯವಿಟ್ಟು ಇಡ್ಬೇಡಿ, ಕಿಟಕಿ ಹಾಕಿರೋ ರೂಮಲ್ಲಿ ಇದ್ದಿಲು ಉರಿದ್ರೆ ಕಾರ್ಬನ್ ಮೊನಾಕ್ಸೈಡ್ ಆಗಿ ಜೀವಕ್ಕೇ ಅಪಾಯ. ರಜಾಯಿ ಒಳಗೆ ಎರಡು ಬಿಸಿನೀರಿನ ಬ್ಯಾಗ್ ಇಟ್ರೆ ಆಯ್ತು, ನಮ್ಮ ಚಳಿಗೆ ಅದೇ ಜಾಸ್ತಿ.

ಸಾಮಾನು ಪಟ್ಟಿ

ಆರು ಜನಕ್ಕೆ ನನ್ನ ಲೆಕ್ಕ: ದಾಳಿಂಬೆ ಆರು, ಮೂರ್ನಾಲ್ಕು ಕೆಜಿ ಕಲ್ಲಂಗಡಿ ಒಂದು, ಡ್ರೈಫ್ರೂಟ್ಸ್ ಎಲ್ಲ ಸೇರಿ ಒಂದು ಕೆಜಿ. ಅಂಗಡೀಲಿ ಪಟ್ಟಿ ಓದ್ತಾ ಹೋದ್ರೆ ಪಿಸ್ತಾ, ಬಾದಾಮಿ, ಅಂಜೂರ, ಕಿಸ್ಮಿಸ್, ಅರ್ಧ ಪಟ್ಟಿ ಪರ್ಶಿಯನ್ನೇ, ನಾವು ಶತಮಾನಗಳಿಂದ ಆ ಭಾಷೇಲೇ ಡ್ರೈಫ್ರೂಟ್ಸ್ ತಿಂತಿದೀವಿ.

ದಾಳಿಂಬೆಯಿಂದ ಶುರು ಮಾಡ್ತೀನಿ, ಯಾಕಂದ್ರೆ ಇದಕ್ಕೆ ನಿಜವಾಗ್ಲೂ ಜೊರಾಸ್ಟ್ರಿಯನ್ ನಂಟಿದೆ, ಅಂದ್ರೆ ಇಸ್ಲಾಂ ಬರೋ ಮುಂಚಿನ ಇರಾನಿನ ಹಳೇ ಧರ್ಮದ್ದು, ನಮ್ಮ ಪಾರ್ಸಿಗಳದ್ದೂ ಅದೇ. ಅವರ ಯಸ್ನ ಅನ್ನೋ ಆಚರಣೆಯಲ್ಲಿ (ನಮ್ಮ ಯಜ್ಞ ಪದದ ಒಡಹುಟ್ಟು) ಹೋಮ ಅನ್ನೋ ಗಿಡದ ಜೊತೆ ದಾಳಿಂಬೆ ಕಡ್ಡೀನೂ ಸೇರಿಸಿ ಕುಟ್ಟಿ ರಸ ತೆಗೀತಾರೆ. ಪಾರ್ಸಿ ಮಕ್ಕಳಿಗೆ ನವಜೋತ್ (ಧರ್ಮದೀಕ್ಷೆ) ಮಾಡಿದಾಗ ಕೊನೇಲಿ ಪುರೋಹಿತರು ಮಗು ತಲೆ ಮೇಲೆ ಅಕ್ಕಿ, ಕೊಬ್ಬರಿ ಚೂರಿನ ಜೊತೆ ದಾಳಿಂಬೆ ಕಾಳನ್ನೂ ಹಾಕಿ ಹರಸ್ತಾರೆ. ಸಾಯದ ಜೀವಕ್ಕೆ ಗುರುತು ಅಂತಾರೆ, ತುಂಬಾ ಕಾಳಿರೋದ್ರಿಂದ ಸಂತಾನ ಸಮೃದ್ಧಿಗೂ ಗುರುತು. ಕೆಂಪು ಬಣ್ಣ ಬೆಳಗಿನ ಜಾವದ ಆಕಾಶದ್ದು ಅಂತ ಈಗಿನವರು ಹೇಳ್ತಾರೆ, ಅದೂ ಚೆಂದಾನೇ ಇದೆ.

ಬಿಡಿಸೋದಕ್ಕೂ ಒಂದು ಕ್ರಮ. ನಾನು ಮೊದಲು ಅಡ್ಡಡ್ಡ ಕತ್ತರಿಸಿ ಬಟ್ಟೆಯೆಲ್ಲ ಕಲೆ ಮಾಡ್ಕೊಂಡಿದ್ದೆ. ಅವಳು ತೋರಿಸಿದ್ದು ಹೀಗೆ: ಮೇಲಿನ ಕಿರೀಟದ ಸುತ್ತ ಟೋಪಿ ತೆಗೆಯೋ ಹಾಗೆ ಸಿಪ್ಪೆ ಮಾತ್ರ ಕೊಯ್ದು ತೆಗೀರಿ, ಒಳಗೆ ಬಿಳೀ ಪೊರೆಯ ಗೆರೆಗಳು ಕಾಣುತ್ತೆ, ಆ ಗೆರೆ ಎಲ್ಲಿದೆಯೋ ಅದೇ ಜಾಗದಲ್ಲಿ ಹೊರಗಿಂದ ಸಿಪ್ಪೆ ಮೇಲೆ ಚಾಕು ಎಳೀರಿ, ಕಾಳಿಗೆ ತಾಗಬಾರದು, ಆಮೇಲೆ ಎರಡೂ ಹೆಬ್ಬೆರಳು ಇಟ್ಟು ಮೆಲ್ಲಗೆ ಬಿಡಿಸಿದ್ರೆ ಕಮಲದ ಹೂವಿನ ಥರ ಅರಳ್ಕೊಳುತ್ತೆ, ಒಂದು ತೊಟ್ಟೂ ರಸ ಹೊರಗೆ ಬರಲ್ಲ. ಕಾಳಿನ ಮೇಲೆ ಉಪ್ಪು ಮತ್ತೆ ಗೋಲ್‌ಪರ್ ಅನ್ನೋ ಪುಡಿ ಉದುರಿಸ್ತಾರೆ, ಒಂದು ಕಾಡುಗಿಡದ ಬೀಜದ ಪುಡಿ ಅದು, ಸ್ವಲ್ಪ ಕಹಿ, ಸ್ವಲ್ಪ ಒಗರು, ಮೂಗಿಗೆ ಹತ್ತೋ ವಾಸನೆ. ಅವಳ ಹತ್ರ ಊರಿಂದ ತಂದಿದ್ದು ಇತ್ತು. ನನಗೆ ಇಲ್ಲಿ ಎಲ್ಲೂ ಸಿಗಲಿಲ್ಲ, ಹುರಿದ ಜೀರಿಗೆ ಪುಡಿ ಹಾಕ್ತೀನಿ, ರುಚಿ ಬೇರೆ, ಆದ್ರೂ ನಡೆಯುತ್ತೆ.

ಕಲ್ಲಂಗಡಿಗೆ ಧರ್ಮದ ಕಾರಣ ಹುಡುಕೋಕೆ ಹೋಗ್ಬೇಡಿ. ಬೇಸಿಗೇಲಿ ಬೆಳೆದಿದ್ದನ್ನ ಚಳಿಗಾಲದ ತನಕ ಕಾಪಾಡಿ ಇಟ್ಟು ಆ ರಾತ್ರಿ ಕುಯ್ಯೋದು, ಅವತ್ತು ತಿಂದ್ರೆ ಮುಂದಿನ ಬೇಸಿಗೇಲಿ ಸೆಕೆ ಬಾಧಿಸಲ್ಲ ಅಂತ ನಂಬಿಕೆ. ದುಂಡಗೆ ಕೆಂಪಗೆ ಇರೋದ್ರಿಂದ ಸೂರ್ಯನ ರೂಪ ಅಂತಾನೂ ಹೇಳ್ತಾರೆ. ನಮ್ಮಲ್ಲಿ ಡಿಸೆಂಬರಲ್ಲೂ ಕಲ್ಲಂಗಡಿ ಗಾಡಿ ನಿಂತಿರುತ್ತೆ, ಆ ಕಾಪಾಡಿಟ್ಟ ಖುಷಿ ಒಂದು ಮಿಸ್ ಆಗುತ್ತೆ ನಮಗೆ.

ಡ್ರೈಫ್ರೂಟ್ಸ್ ಮಿಶ್ರಣಕ್ಕೆ ಆಜೀಲ್ ಅಂತಾರೆ. ಉಪ್ಪು ಹಾಕಿ ಹುರಿದ ಪಿಸ್ತಾ (ಸಿಪ್ಪೆ ಸಮೇತ!), ಬಾದಾಮಿ, ಹೇಜಲ್‌ನಟ್, ಕುಂಬಳ ಬೀಜ, ಒಣದ್ರಾಕ್ಷಿ, ಒಣ ಅಂಜೂರ, ಒಣಗಿಸಿದ ಬಿಳಿ ಹಿಪ್ಪುನೇರಳೆ ಹಣ್ಣು, ಮತ್ತೆ ಹುರಿಗಡಲೆ. ಹೌದು, ನಮ್ಮ ಎಳ್ಳುಬೆಲ್ಲದಲ್ಲಿರೋ ಹುರಿಗಡಲೇನೇ. ಯಜ್ದ್, ಕೆರ್ಮಾನ್ ಕಡೆ ಜೊರಾಸ್ಟ್ರಿಯನ್ನರು ತಮ್ಮ ಗಾಹಂಬಾರ್ ಹಬ್ಬಗಳಲ್ಲಿ ಬಂದವರಿಗೆಲ್ಲ ಹಂಚೋ ಲೊರ್ಕ್ ಅನ್ನೋದೂ ಇದೇ ಥರದ ಮಿಶ್ರಣ, ಸಾಮಾನ್ಯವಾಗಿ ಏಳು ಬಗೆ ಇರುತ್ತೆ. ಬಡವ ಬಲ್ಲಿದ ಅಂತಿಲ್ಲದೆ ಎಲ್ಲರಿಗೂ ಒಂದೇ ಹಿಡಿ. ಹಾಗಾಗಿ ಬೇರೆ ಬೇರೆ ಬಟ್ಟಲಲ್ಲಿ ಇಡದೆ ಒಂದೇ ದೊಡ್ಡ ಬಟ್ಟಲಲ್ಲಿ ಬೆರೆಸಿ ಮಧ್ಯದಲ್ಲಿಡಿ, ಎಲ್ಲರ ಕೈ ಅಲ್ಲಿಗೇ ಬರ್ಲಿ.

ಊಟಕ್ಕೆ ಏನಾದ್ರೂ ಬಿಸಿಬಿಸಿ ಇದ್ರಾಯ್ತು. ಶಾವಿಗೆ, ಕಾಳು, ಸೊಪ್ಪು ಹಾಕಿ ಮಾಡೋ ಆಶೆ ರೆಶ್ತೆ ಅನ್ನೋ ಗಟ್ಟಿ ಸೂಪು ಸಸ್ಯಾಹಾರಿಗಳಿಗೆ ಅನುಕೂಲ. ಕೋಳಿ ತಿನ್ನೋರು ಅಕ್ರೋಟು ಮತ್ತೆ ದಾಳಿಂಬೆ ರಸದ ಫೆಸೆಂಜಾನ್ ಮಾಡ್ಬೋದು, ಆದ್ರೆ ಅದು ಗಂಟೆಗಟ್ಟಲೆ ಕುದೀಬೇಕು, ಮಧ್ಯಾಹ್ನವೇ ಶುರು ಮಾಡಿ. ಟೀ ಹಾಲು ಹಾಕದೆ, ಸಕ್ಕರೆ ಗಡ್ಡೆ ಹಲ್ಲಲ್ಲಿ ಕಚ್ಕೊಂಡು ಕುಡೀಬೇಕು, ಫ್ಲಾಸ್ಕ್ ತುಂಬಾ ಮಾಡಿಡಿ, ಎಷ್ಟಿದ್ರೂ ಸಾಲಲ್ಲ.

ಇದ್ರಲ್ಲಿ ಜೊರಾಸ್ಟ್ರಿಯನ್ ಏನು, ಆಮೇಲೆ ಸೇರಿದ್ದು ಏನು

ಇಲ್ಲಿ ಸ್ವಲ್ಪ ನಿಂತು ಓದಿ, ಯಾಕಂದ್ರೆ ವಾಟ್ಸಾಪ್‌ನಲ್ಲಿ ಬರೋ ಮೆಸೇಜುಗಳಲ್ಲಿ ಮೂರು ಸಾವಿರ ವರ್ಷದ ಇತಿಹಾಸ ಎಲ್ಲಾನೂ ಕಲಸಿ ಇಟ್ಟಿರ್ತಾರೆ.

ಜೊರಾಸ್ಟ್ರಿಯನ್ ಧರ್ಮ ಹುಟ್ಟುಹಾಕಿದ ಜರತುಷ್ಟ್ರನ ಬೋಧನೆಯ ತಿರುಳು ಅಂದ್ರೆ ಅಶ ಮತ್ತು ದ್ರುಜ್ ನಡುವಿನ ಹೋರಾಟ. ಅಶ ಅಂದ್ರೆ ಸತ್ಯ, ಜಗತ್ತಿನ ಸರಿಯಾದ ಕ್ರಮ, ವೇದದ ಋತ ಅನ್ನೋ ಪದವೂ ಇದೂ ಒಂದೇ ಬೇರು. ದ್ರುಜ್ ಅಂದ್ರೆ ಸುಳ್ಳು. ಅವರ ದೇವರು ಅಹುರ ಮಜ್ದ ಬೆಳಕಿನ ಕಡೆ, ಅವನ ಎದುರಾಳಿ ಕೆಟ್ಟ ಶಕ್ತಿ ಅಹ್ರಿಮನ್ ಕತ್ತಲೆ ಕಡೆ. ಅಂದ್ಮೇಲೆ ವರ್ಷದ ಅತಿ ಉದ್ದದ ಕತ್ತಲೆ ಅಹ್ರಿಮನ್‌ಗೆ ಬಲ ಹೆಚ್ಚಿರೋ ರಾತ್ರಿ, ಅವತ್ತು ಒಬ್ಬೊಬ್ಬರೇ ಮಲಗಿರೋದು ಒಳ್ಳೇದಲ್ಲ, ಬೆಂಕಿ ಹಚ್ಚಿ ಗುಂಪಾಗಿ ಎದ್ದಿರ್ಬೇಕು ಅನ್ನೋ ನಂಬಿಕೆ ಬಂತು. ಮಾರನೇ ದಿನದಿಂದ ಹಗಲು ಬೆಳೆಯುತ್ತೆ, ಅಂದ್ರೆ ಬೆಳಕು ಗೆದ್ದಿದೆ.

ತಿಂಗಳ ಹೆಸರುಗಳೇ ಅರ್ಧ ಕಥೆ ಹೇಳುತ್ವೆ. ಮುಗೀತಿರೋ ತಿಂಗಳು ಆಜರ್, ಅಂದ್ರೆ ಬೆಂಕಿ, ಜೊರಾಸ್ಟ್ರಿಯನ್ನರ ಧರ್ಮಗ್ರಂಥ ಅವೆಸ್ತಾದಲ್ಲಿ ಆತರ್. ಶುರುವಾಗೋ ತಿಂಗಳು ದೇ, ಅಂದ್ರೆ ಸೃಷ್ಟಿಕರ್ತ, ಅಹುರ ಮಜ್ದನ ಬಿರುದು, ನಮ್ಮ ಧಾತೃ ಪದದ ಬೇರೇ ಅದಕ್ಕೂ. ಬೆಂಕಿಯ ತಿಂಗಳಿಂದ ಸೃಷ್ಟಿಕರ್ತನ ತಿಂಗಳಿಗೆ ದಾಟೋ ಹೊಸ್ತಿಲು ಈ ರಾತ್ರಿ. ಒಂದು ಎಚ್ಚರಿಕೆ, ದೇ ಅಂದ್ರೆ ದೇವ ಅಂತ ಯಾರಾದ್ರೂ ಹೇಳಿದ್ರೆ ಒಪ್ಕೊಬೇಡಿ, ಅವೆಸ್ತಾದಲ್ಲಿ ದಏವ ಅಂದ್ರೆ ಕೆಟ್ಟ ಶಕ್ತಿ, ನಮ್ಮ ದೇವ ಅಲ್ಲಿ ದೆವ್ವ, ನಮ್ಮ ಅಸುರ ಅಲ್ಲಿ ಅಹುರ.

ದೇ ತಿಂಗಳ ಮೊದಲ ದಿನಕ್ಕೆ ಖುರ್ರಂ ರೂಜ್ ಅಂತ ಹೆಸರಿತ್ತು ಅಂತ ಅಲ್ ಬಿರೂನಿ ಸುಮಾರು ಕ್ರಿ.ಶ. 1000ದ ಹೊತ್ತಿಗೆ ಬರ್ದಿದಾನೆ, ಭಾರತದ ಬಗ್ಗೆ ದೊಡ್ಡ ಪುಸ್ತಕ ಬರ್ದನಲ್ಲ ಅವನೇ. ಆ ದಿನ ರಾಜ ಸಿಂಹಾಸನದಿಂದ ಇಳಿದು ಬಿಳಿ ಬಟ್ಟೆ ಉಟ್ಟು ಬಯಲಲ್ಲಿ ಬಿಳಿ ಹಾಸಿನ ಮೇಲೆ ಕೂತು, ರೈತರ ಜೊತೆ ಊಟ ಮಾಡಿ ನಾನೂ ನಿಮ್ಮಂಥವನೇ ಅಂತಿದ್ನಂತೆ. ಅವನ ಪ್ರಕಾರ ಆ ದಿನಕ್ಕೆ ತೊಂಬತ್ತರ ದಿನ ಅಂತಾನೂ ಹೆಸರಿತ್ತು, ಅಲ್ಲಿಂದ ನೌರೂಜ್‌ಗೆ 90 ದಿನ ಇರೋದ್ರಿಂದ. ನನಗೆ ಯಲ್ದಾ ಬಗ್ಗೆ ಸಿಕ್ಕ ಹಳೇ ವಿವರಗಳಲ್ಲಿ ತುಂಬಾ ಇಷ್ಟ ಆಗಿದ್ದು ಇದೇ. ಹಾಗಾಗಿ ನಮ್ಮನೇಲಿ ಆ ರಾತ್ರಿ ಎಲ್ಲರೂ ನೆಲದ ಮೇಲೇ, ಮನೆ ಕೆಲಸಕ್ಕೆ ಬರೋ ಅಕ್ಕ, ಕೆಳಗಿನ ವಾಚ್‌ಮನ್ ಅಣ್ಣ ಬಂದ್ರೂ ಅವರಿಗೆ ಬೇರೆ ತಟ್ಟೆ ಬೇರೆ ಜಾಗ ಅಂತಿಲ್ಲ.

ಈಗ ಮಿಥ್ರನ ವಿಷಯ. ಅವತ್ತು ಮಿಥ್ರ ಹುಟ್ಟಿದ ರಾತ್ರಿ ಅಂತ ಎಲ್ಲ ಕಡೆ ಓದ್ತೀರ. ಅವೆಸ್ತಾದಲ್ಲಿ ಮಿಥ್ರ ಮಾತಿನ, ಒಪ್ಪಂದದ ದೇವತೆ, ವೇದದ ಮಿತ್ರನ ಜೋಡಿ. ಅವನಿಗಾಗಿಯೇ ಇರೋ ಮೆಹ್ರ್ ಯಷ್ಟ್ ಸ್ತೋತ್ರದಲ್ಲಿ ಅವನು ಸೂರ್ಯನಿಗಿಂತ ಮುಂಚೆ ಹರಾ ಬೆಟ್ಟ ಹತ್ತಿ ಬರ್ತಾನೆ, ಅಂದ್ರೆ ಅವನೇ ಸೂರ್ಯ ಅಲ್ಲ, ಸೂರ್ಯನ ಮುಂದೆ ಬರೋ ಬೆಳಕು. ಅವನ ಹಬ್ಬ ಮೆಹ್ರೆಗಾನ್ ಬರೋದು ಮೆಹ್ರ್ ತಿಂಗಳ 16ಕ್ಕೆ, ಶರತ್ಕಾಲದಲ್ಲಿ. ಮಿಥ್ರ ಹುಟ್ಟಿದ ದಿನ ಅಂತ ಕೆಲವರು ಹೇಳೋ ಡಿಸೆಂಬರ್ 25 ರೋಮಿನವರ ಸೂರ್ಯನ ಹಬ್ಬದ ತಾರೀಕು. ಯಲ್ದಾ ಅಂದ್ರೆ ಹುಟ್ಟು ಅಂತ ಇರೋದ್ರಿಂದ ಎಲ್ಲ ಸೇರ್ಕೊಂಡು ಬಿಟ್ಟಿದೆ. ಕಥೆಯಾಗಿ ಹೇಳಿ, ಶಾಸ್ತ್ರ ಅಂತ ಹೇಳ್ಬೇಡಿ, ಅಷ್ಟೇ.

ಬೆಂಗಳೂರಿನ ಪಾರ್ಸಿ ಸ್ನೇಹಿತರನ್ನ ಯಲ್ದಾ ಹೇಗೆ ಮಾಡ್ತೀರ ಅಂತ ಕೇಳಿದ್ರೆ ಹೆಚ್ಚಿನವರು ಮುಖ ಮುಖ ನೋಡ್ತಾರೆ. ಬಹುಪಾಲು ಪಾರ್ಸಿಗಳದ್ದು ಶಹೆನ್‌ಶಾಹಿ ಕ್ಯಾಲೆಂಡರ್, ಅದಕ್ಕೆ ಲೀಪ್ ವರ್ಷ ಇಲ್ಲ, ವರ್ಷ ಜಾರಿ ಜಾರಿ ಅವರ ಹೊಸವರ್ಷ ಆಗಸ್ಟ್‌ಗೆ, ದೇ ತಿಂಗಳು ಮೇ ಬಿಸಿಲಿಗೆ ಬಂದು ಕೂತಿದೆ. ಇರಾನಿನ ಜೊರಾಸ್ಟ್ರಿಯನ್ನರು ಮಾತ್ರ ಮುಸ್ಲಿಂ ನೆರೆಯವರ ಜೊತೆಗೇ ಯಲ್ದಾ ಮಾಡ್ತಾರೆ. ನಾವೇನು ಕಮ್ಮಿ ಇಲ್ಲ ಬಿಡಿ, ಸಂಕ್ರಾಂತಿಗೆ ಉತ್ತರಾಯಣ ಅಂತೀವಿ, ನಿಜವಾಗಿ ಸೂರ್ಯ ಉತ್ತರಕ್ಕೆ ತಿರುಗೋದು ಈ ಯಲ್ದಾ ಹೊತ್ತಿಗೇ, ನಾವು ಮೂರು ವಾರದ ಮೇಲೆ ಲೇಟು.

ದೀಪ, ಬೆಂಕಿ

ಸೂರ್ಯ ಮುಳುಗೋ ಮುಂಚೆ ಒಂದು ದೀಪ ಹಚ್ಚಿ, ಅದು ಬೆಳಗಿನ ತನಕ ಆರ್ಬಾರ್ದು. ಎಣ್ಣೆ ದೀಪ ಆದ್ರೆ ಎಣ್ಣೆ ಹಾಕ್ತಿರೋಕೆ ಒಬ್ಬರಿಗೆ ಡ್ಯೂಟಿ ಕೊಡಿ, ಮಕ್ಕಳಿಗೆ ಕೊಟ್ರೆ ಅವರೂ ಎದ್ದಿರ್ತಾರೆ, ರಜಾಯಿಯಿಂದ ದೂರ ಇರ್ಲಿ ಅಷ್ಟೇ. ಯಜ್ದ್‌ನ ಅಗ್ನಿಮಂದಿರದಲ್ಲಿ ಕ್ರಿ.ಶ. 470ರ ಹೊತ್ತಿನಿಂದ ಉರೀತಾ ಬಂದಿದೆ ಅಂತ ನಂಬೋ ಬೆಂಕಿ ಇದೆ, ಕಟ್ಟಡ ಮಾತ್ರ 1934ರದ್ದು. ನಾವು ಒಂದು ರಾತ್ರಿ ಕಾಯೋಕಾಗಲ್ವಾ.

ಬಾಯಲ್ಲಿ ಊದಿ ಆರಿಸ್ಲೇಬೇಡಿ. ಉಸಿರು, ಎಂಜಲು ತಾಗಿ ಬೆಂಕಿ ಮೈಲಿಗೆ ಆಗ್ಬಾರ್ದು ಅಂತ ಜೊರಾಸ್ಟ್ರಿಯನ್ ಪುರೋಹಿತರು ಬಾಯಿಗೆ ಬಿಳಿ ಬಟ್ಟೆ ಕಟ್ಕೊಂಡೇ ಅಗ್ನಿ ಮುಂದೆ ನಿಲ್ಲೋದು. ನಮ್ಮಜ್ಜಿಗೂ ದೀಪ ಊದಿದ್ರೆ ಕೋಪ ಬರ್ತಿತ್ತು, "ದೀಪ ಆರಿಸು" ಅನ್ನೋ ಮಾತೂ ಬಾಯಲ್ಲಿ ಬರ್ತಿರ್ಲಿಲ್ಲ, "ದೊಡ್ಡದು ಮಾಡು" ಅಂತಿದ್ರು. ಯಜ್ದ್ ಹುಡುಗಿಗೆ ಇದನ್ನ ಹೇಳಿದಾಗ ತಕ್ಷಣ ಅಮ್ಮನಿಗೆ ಫೋನ್ ಮಾಡಿ ಹೇಳಿದ್ಲು.

ಹಾಫಿಜ್‌ನ ಕೇಳೋದು

ಹನ್ನೊಂದು ಗಂಟೆ ಆದ್ಮೇಲೆ ಆಕಳಿಕೆ ಶುರುವಾಗುತ್ತಲ್ಲ, ಆಗ ಹಾಫಿಜ್ ಕವಿಯ ದಿವಾನ್, ಅಂದ್ರೆ ಕವನ ಸಂಕಲನ, ಹೊರಗೆ ತೆಗೀರಿ. ಶಿರಾಜ್‌ನವನು, 14ನೇ ಶತಮಾನ. ಮನೇಲಿ ಹಿರಿಯರು ಪುಸ್ತಕ ಕೈಗೆ ತಗೋತಾರೆ, ಕೇಳೋರು ಮನಸ್ಸಲ್ಲಿ ಒಂದು ಪ್ರಶ್ನೆ ಅಂದ್ಕೊಳ್ಬೇಕು, ಬಾಯಿಬಿಟ್ಟು ಹೇಳೋ ಹಾಗಿಲ್ಲ. ಶಿರಾಜಿನ ಹಾಫಿಜನೇ, ಎಲ್ಲ ಗುಟ್ಟೂ ಬಲ್ಲವನೇ ಅಂತ ಕರೆದು, ಅವನ ಪ್ರೇಯಸಿ ಶಾಖೆ ನಬಾತ್ ಮೇಲೆ ಆಣೆ ಇಡ್ತಾರೆ, ಆ ಹೆಸರಿನ ಅರ್ಥ ಕಲ್ಲುಸಕ್ಕರೆ ಕಡ್ಡಿ. ಆಮೇಲೆ ಕಣ್ಮುಚ್ಚಿ ಬೆರಳಲ್ಲಿ ಪುಸ್ತಕ ಬಿಡಿಸೋದು. ಬಲಗಡೆ ಪುಟದ ಗಜಲ್ ನಿಮ್ಮ ಉತ್ತರ, ಅದು ಹಿಂದಿನ ಪುಟದಲ್ಲಿ ಶುರುವಾಗಿದ್ರೆ ಹಿಂದಕ್ಕೆ ಹೋಗಿ ಮೊದಲಿಂದ ಓದ್ಬೇಕು. ಅದರ ಮುಂದಿನ ಗಜಲ್‌ನ ಮೊದಲ ಸಾಲುಗಳು ಸಾಕ್ಷಿ. ಒಬ್ಬರೇ ಮತ್ತೆ ಮತ್ತೆ ಕೇಳಿದ್ರೆ ಹಾಫಿಜ್‌ಗೆ ಸಿಟ್ಟು ಬರುತ್ತಂತೆ. ಇದು ಜೊರಾಸ್ಟ್ರಿಯನ್ ಕಾಲದ್ದಲ್ಲ ಅಂತ ಬೇರೆ ಹೇಳ್ಬೇಕಿಲ್ಲ, ಆದ್ರೆ ಇದಿಲ್ಲದ ಯಲ್ದಾನ ಇರಾನಿಯರು ಒಪ್ಪಲ್ಲ.

ಪರ್ಶಿಯನ್ ಬರಲ್ಲ ಅಂದ್ರೆ ಅನುವಾದ ಇಟ್ಕೊಳ್ಳಿ, ಪುಟದ ಲೆಕ್ಕ ಬಿಟ್ಟು ಗಜಲ್ ಲೆಕ್ಕ ಹಿಡೀರಿ. ಕನ್ನಡದವರು ಆ ಹೊತ್ತಲ್ಲಿ ಹೇಳೋಕೆ ಒಂದು ಕಥೆ ಇದೆ. ಕಲಬುರಗಿಯ ಬಹಮನಿ ಸುಲ್ತಾನ ಹಾಫಿಜ್‌ನ ತನ್ನ ಆಸ್ಥಾನಕ್ಕೆ ಕರೆಸೋಕೆ ದುಡ್ಡು ಕಳಿಸಿದ್ನಂತೆ, ಕವಿ ಹೊರಟು ಹೊರ್ಮುಜ್ ತನಕ ಬಂದು ಹಡಗೂ ಹತ್ತಿದ್ನಂತೆ, ಅಷ್ಟರಲ್ಲಿ ಬಿರುಗಾಳಿ ಎದ್ದು ಹೆದರಿ ಇಳಿದು ವಾಪಸ್ ಶಿರಾಜ್‌ಗೆ ಹೋಗಿ, ಒಂದು ಗಜಲ್ ಬರೆದು ಕಳಿಸಿ ಕೈ ತೊಳ್ಕೊಂಡ. ಇದನ್ನ ಬರೆದಿಟ್ಟಿರೋನು ಇತಿಹಾಸಕಾರ ಫೆರಿಶ್ತಾ, ಅವನು ಕೂತು ಬರ್ದಿದ್ದು ವಿಜಯಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ. ನಾನು ಇದನ್ನ ಹೇಳಿದ ರಾತ್ರಿ ಯಜ್ದ್ ಹುಡುಗಿ "ಹಾಗಾದ್ರೆ ನಿಮ್ಮೂರಿಗೆ ಬರೋನಿದ್ದ!" ಅಂತ ಪುಸ್ತಕ ನನ್ನ ಕೈಗೆ ಕೊಟ್ಟು, ಮೊದಲು ನೀನೇ ಕೇಳು ಅಂದ್ಲು. ನಾನು ಥೀಸಿಸ್ ಬಗ್ಗೆ ಕೇಳಿದೆ. ಬಂದಿದ್ದು ಸಾಕಿ, ಮದಿರೆ, ವಸಂತ. ಅವಳು ಗಂಭೀರವಾಗಿ ಅರ್ಥ ಹೇಳಿದ್ಲು: ಮಾರ್ಚ್ ತನಕ ಗೈಡ್ ಹತ್ರ ಹೋಗ್ಬೇಡ.

ಯಾರಾದ್ರೂ ಕರೆದಿದ್ರೆ

ಒಳ್ಳೇ ದಾಳಿಂಬೆ ಅಥವಾ ಡ್ರೈಫ್ರೂಟ್ಸ್ ತಗೊಂಡು ಹೋಗಿ, ಕೆಂಪು ಬಣ್ಣದ್ದು ಏನಾದ್ರೂ ಹಾಕ್ಕೊಳ್ಳಿ, ಬಾಗಿಲಲ್ಲಿ "ಯಲ್ದಾ ಮೊಬಾರಕ್" ಅನ್ನಿ. ಅವರು ತಿನ್ನಿ ತಿನ್ನಿ ಅಂತ ಬಲವಂತ ಮಾಡ್ತಾರೆ, ಮೊದಲ ಸಲ ಬೇಡ ಅನ್ನೋದು ಅಲ್ಲೂ ಮರ್ಯಾದೆ, ಮೂರನೇ ಸಲಕ್ಕೂ ಬೇಡ ಅಂದ್ರೆ ಬೇಜಾರು. ಸಾಮಾನ್ಯವಾಗಿ ಆ ರಾತ್ರಿ ಎಲ್ಲರೂ ಮನೆಯ ಹಿರಿಯರ ಹತ್ರ ಹೋಗೋದು, ಪರದೇಶದಲ್ಲಿರೋರು ಆಗೋ ಹೊತ್ತಿಗೆ ವಿಡಿಯೋ ಕಾಲ್ ಮಾಡ್ತಾರೆ, ಅಜ್ಜಿ ಪರದೆ ಮೇಲೆ ಬಂದ್ರೆ ನೀವೂ ಎದ್ದು ಸಲಾಂ ಹೇಳಿ. ಮನೇಲಿ ಮದುವೆ ಗೊತ್ತಾಗಿರೋ ಹುಡುಗಿ ಇದ್ರೆ ಗಂಡಿನ ಕಡೆಯಿಂದ ಅಲಂಕಾರ ಮಾಡಿದ ಹಣ್ಣು, ಬಟ್ಟೆ, ಸಿಹಿ ತುಂಬಿದ ತಟ್ಟೆಗಳು ಬಂದಿರುತ್ತೆ, ಅದನ್ನ ಹೊಗಳೋದು ಮರೀಬೇಡಿ.

ಮಕ್ಕಳಿಗೆ ಕೆರ್ಮಾನ್ ಕಡೆಯ ಕಥೆ ಹೇಳ್ಬೋದು, ಕಾರೂನ್ ಅನ್ನೋ ದೊಡ್ಡ ಸಾಹುಕಾರ ಆ ರಾತ್ರಿ ಸೌದೆಯವನ ವೇಷದಲ್ಲಿ ಬಡವರ ಮನೆಗೆ ಬಂದು ಸೌದೆ ಕೊಟ್ಟು ಹೋಗ್ತಾನೆ, ಬೆಳಗ್ಗೆ ನೋಡಿದ್ರೆ ಅದು ಚಿನ್ನ. ಹಾಗಾಗಿ ಅವತ್ತು ಬಾಗಿಲು ತಟ್ಟೋರನ್ನ ವಾಪಸ್ ಕಳಿಸಲ್ಲ.

ನಾಲ್ಕು ಗಂಟೆಗೆ ನಿಜವಾದ ಪರೀಕ್ಷೆ. ಆಜೀಲ್ ಬಟ್ಟಲಲ್ಲಿ ಆಗ ಬಾಯಿಬಿಡದ ಪಿಸ್ತಾ ಮಾತ್ರ ಉಳಿದಿರುತ್ತೆ, ಅದನ್ನ ಒಡೆಯೋ ಪ್ರಯತ್ನದಲ್ಲೇ ಐದಾಗುತ್ತೆ. ನಮ್ಮ ಕಡೆ ಆರೂ ಮುಕ್ಕಾಲರ ಒಳಗೆ ಸೂರ್ಯ ಕಾಣ್ತಾನೆ, ಟೆರೇಸ್‌ಗೆ ಹೋಗಿ ನೋಡಿ ಬಂದು ಮಲಗಿ. ಕ್ಯಾಲೆಂಡರ್‌ನಲ್ಲಿ ಜನವರಿ 30ರ ಹತ್ರ ಒಂದು ಗುರುತು ಹಾಕಿಡಿ, ದೊಡ್ಡ ನಲವತ್ತು ಮುಗಿಯೋ ದಿನ, ಕೆರ್ಮಾನಲ್ಲಿ ಜೊರಾಸ್ಟ್ರಿಯನ್ನರು ಸದೆ ಹಬ್ಬಕ್ಕೆ ಸೌದೆ ರಾಶಿ ಹಾಕಿ ಬೆಂಕಿ ಕೊಡೋದು ಅವತ್ತೇ, ಮಿಕ್ಕಿದ ಹುರಿಗಡಲೆ ಅಲ್ಲಿ ತನಕ ಡಬ್ಬೀಲಿ ಗರಿಗರಿಯಾಗೇ ಇರುತ್ತೆ.